ಅವ್ವನ ಕತೆ ಅಲಬಾಮಾಕ್ಕೆ ಹೋಗಿ ಬಂದದ್ದು

ಕಡೂರು

ಪರದೇಶಕ್ಕೆ ಹೋಗುವವರನ್ನು ಕಳಿಸಿಕೊಡಲು ಮನೆಮಂದಿಯೆಲ್ಲ ಬೆಂಗಳೂರಿನ ವಿಮಾನ ನಿಲ್ದಾಣದವರೆಗೆ ಹೋಗುವುದು ರೂಢಿ. ನನ್ನ ಅವ್ವ ಕಡೂರು ರೈಲ್ವೆ ಸ್ಟೇಷನ್ನಿಗೇ ಗಡಿ ಹಾಕಿದಳು.

"ಅಲ್ಲೀಗಂಟ ಬಂದು ವಿಮಾನದ ಬಾಲ ನೋಡ್ಕಂಡ್ ಬರಕ್ಕೆ ನಂಗೇನ್ ಬೇರೆ ಕೆಲ್ಸ ಇಲ್ವೇನೇ? ಕಡೂರಿಂದಾದ್ರೆ ಸಂಜೆ ಸೀರಿಯಲ್ ಹೊತ್ತಿಗೆ ತರೀಕೆರೆ ಸೇರ್ಕಬೋದು" ಎಂದಳು.

ನಾನು ಅಜ್ಜಂಪುರದ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಯ ಮೇಡಂ. ಮನೆ ತರೀಕೆರೆಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋಗುತ್ತೇನೆ, ಸಂಜೆ ಬಸ್ಸು ಹತ್ತಿ ಬರುತ್ತೇನೆ. ನನ್ನ ಪ್ರವಾಸಗಳೆಲ್ಲ ಅಷ್ಟರಲ್ಲೇ ಮುಗಿಯುತ್ತಿದ್ದವು. ಅಂಥವಳು ಮೂರು ವಾರದ ಮಟ್ಟಿಗೆ ಅಮೆರಿಕಕ್ಕೆ ಹೊರಟದ್ದು ಒಂದು ಪುಟ್ಟ ಕತೆಯ ದೆಸೆಯಿಂದ.

ಕತೆ ನಾನೇ ಬರೆದದ್ದು, ಮಕ್ಕಳಿಗೆ. ಚೆನ್ನಿ ಎಂಬ ಹುಡುಗಿ ನಾಲ್ಕನೇ ಕ್ಲಾಸು ಪಾಸಾದ ಖುಷಿಗೆ ಹೊಸ ಲಂಗ ಉಟ್ಟು ಅಪ್ಪನ ಜೊತೆ ಅಜ್ಜಂಪುರದ ಸಂತೆಗೆ ಬರುತ್ತಾಳೆ. ಬಾಯಾರಿಕೆಯಾಗಿ ಒಂದು ಹೋಟೆಲಿನ ಮುಂದೆ ನಿಂತು ನೀರು ಕೇಳುತ್ತಾಳೆ. ಅವಳ ಕೇರಿಯವರು ಒಳಗೆ ಹೋಗುವಂತಿಲ್ಲ, ಒಳಗಿನ ಲೋಟ ಮುಟ್ಟುವಂತಿಲ್ಲ. ಹೋಟೆಲಿನವನು ಮೆಟ್ಟಿಲ ಮೇಲೆ ನಿಂತು, ಚೆಂಬನ್ನು ಎತ್ತರಕ್ಕೆ ಹಿಡಿದು, ಅವಳ ಬೊಗಸೆಗೆ ನೀರು ಹೊಯ್ಯುತ್ತಾನೆ. ಅರ್ಧ ಬೊಗಸೆಗೆ, ಅರ್ಧ ಹೊಸ ಲಂಗಕ್ಕೆ. ಕತೆ ಇಷ್ಟೇ. ಕತೆಯ ಚೆನ್ನಿ ಅಂದರೆ ನಮ್ಮವ್ವ ಹನುಮಕ್ಕ. ಹೆಸರೊಂದನ್ನು ಬದಲಾಯಿಸಿದ್ದೆ.

ಅದನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಬರೆದು ಶಿಕ್ಷಕರ ವಿನಿಮಯದ ಒಂದು ಕಾರ್ಯಕ್ರಮಕ್ಕೆ ಕಳಿಸಿದ್ದೆ. ಅಲಬಾಮಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಡೆನೀಸ್ ಎಂಬ ಶಿಕ್ಷಕಿ ಇದ್ದರು. ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಇಟ್ಟಿದ್ದ ಕಾಲದ ಬಗ್ಗೆ ಮಕ್ಕಳ ಕಾದಂಬರಿಗಳನ್ನು ಓದಿಸಿ ಪಾಠ ಮಾಡುವುದು ಅವರ ಕ್ರಮ. ನನ್ನ ಚೆನ್ನಿ ಅವರ ಕಣ್ಣಿಗೆ ಬಿದ್ದಳು, ಬಂದು ನಮ್ಮ ಮಕ್ಕಳಿಗೆ ಓದಿ ಹೇಳಿ ಎಂದು ಕರೆದರು.

ಅವ್ವನಿಗೆ ಇದರಲ್ಲಿ ಹೆಮ್ಮೆ ಇತ್ತು, ಜೊತೆಗೊಂದು ಕಟ್ಟಪ್ಪಣೆಯೂ ಇತ್ತು. ರೈಲು ಬರುವ ಮೊದಲು ಪ್ಲಾಟ್‌ಫಾರಂ ಮೇಲೆ ಅದನ್ನು ಮತ್ತೆ ಜ್ಞಾಪಿಸಿದಳು.

"ಅಮೇರಿಕದಲ್ಲಿ ಎಷ್ಟ್ ಬೇಕಾದ್ರೂ ಓದ್ಕ. ಅಲ್ಲಿ ನನ್ನ ಮುಖ ಯಾರ್ ನೋಡವ್ರೆ? ಅಜ್ಜಂಪುರದಲ್ಲಿ ಮಾತ್ರ ಬಾಯಿ ಬಿಡ್ಬೇಡ. ನೀನು ನನ್ ಮಗಳು ಅಂತ ಅಲ್ಲಿ ನಾಯಿ ನರಿಗೂ ಗೊತ್ತು."

"ನಾನು ಬರೆದಿದ್ದೇ ಅಲ್ಲಿ ಮಕ್ಕಳಿಗೆ ಕಣವ್ವ."

"ನೀರು ಬಿದ್ದಿದ್ದು ನನ್ ಲಂಗದ ಮೇಲೆ. ನಾಚ್ಕೆ ಆಗಿದ್ದು ನಂಗೆ. ಅದನ್ನ ಊರೋರೆಲ್ಲ ಕೂತ್ಕಂಡು ಕೇಳ್ಬೇಕಾ?"

ನನ್ನ ತರಗತಿಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಒಂದೇ ಸಾಲಿನಲ್ಲಿ ಬಿಸಿಯೂಟ ಉಣ್ಣುತ್ತಾರೆ. ಮೊದಲಿನಿಂದಲೂ ಹೀಗೇ ಇತ್ತು ಎಂದು ಕೆಲವರು ತಿಳಿದಿದ್ದಾರೆ. ಹಾಗಿರಲಿಲ್ಲ ಎಂಬುದು ಉಳಿದವರಿಗೆ ಮನೆಯ ಪಿಸುಮಾತಿನಿಂದ ಗೊತ್ತು. ಅವರಿಗಾಗಿ ಬರೆದ ಕತೆಯನ್ನು ಅವರನ್ನು ಬಿಟ್ಟು ಮಿಕ್ಕ ಪ್ರಪಂಚಕ್ಕೆಲ್ಲ ಓದಬಹುದು ಎಂದರೆ ನನಗೆ ಹೇಗಾಗಬೇಡ? ಅವ್ವ ಒಪ್ಪದೆ ಓದುವುದು ಮಾತ್ರ ಸಾಧ್ಯವಿರಲಿಲ್ಲ, ಕತೆ ಅವಳದು. ಹೇಗಾದರೂ ಮಾಡಿ ಅವಳನ್ನು ಒಪ್ಪಿಸಬೇಕು ಎಂದುಕೊಳ್ಳುತ್ತಲೇ ರೈಲು ಹತ್ತಿದೆ.

ಅಟ್ಲಾಂಟಾ

ವಿಮಾನದಲ್ಲಿ ಏನೂ ಆಗಲಿಲ್ಲ, ಕಾಲು ಊದಿಕೊಂಡಿತು ಅಷ್ಟೆ. ಆಗಿದ್ದೆಲ್ಲ ಇಳಿದ ಮೇಲೆ. ಪಾಸ್‌ಪೋರ್ಟ್ ನೋಡುವ ಅಧಿಕಾರಿ, "ಯಾತಕ್ಕೆ ಬಂದಿರಿ?" ಎಂದು ಕೇಳಿದ. ರಾತ್ರಿಯೆಲ್ಲ ಉರು ಹೊಡೆದಿದ್ದ ದೊಡ್ಡ ವಾಕ್ಯ ಆ ಕ್ಷಣಕ್ಕೆ ಕೈಕೊಟ್ಟಿತು. "ಒಂದು ಕತೆ ಓದುವುದಕ್ಕೆ" ಎಂದುಬಿಟ್ಟೆ.

ಆತ ತಲೆಯೆತ್ತಿದ. "ಇಷ್ಟು ದೂರ? ಒಂದು ಕತೆಗೆ?"

"ಹೌದು. ನಮ್ಮಮ್ಮನ ಕತೆ."

"ಚೆನ್ನಾಗಿದೆಯಾ?"

"ಚೆನ್ನಾಗಿದೆ" ಎಂದೆ. ಆತ ಮುದ್ರೆ ಒತ್ತಿದ. ನಮ್ಮ ಕಡೆ ಒಂದು ಖಾತೆ ಬದಲಾವಣೆಗೆ ಎಷ್ಟು ಮುದ್ರೆ, ಎಷ್ಟು ಓಡಾಟ ಎಂದು ನೆನೆದು, ಇದು ಇಷ್ಟು ಸಲೀಸಾಗಿ ಮುಗಿದದ್ದನ್ನು ನಂಬಲಾರದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಮುಂದೆ ಹೋಗಿ ಎಂದು ಆತನೇ ಹೇಳಬೇಕಾಯಿತು.

ಡೆನೀಸ್ ಕಾರು ತಂದಿದ್ದರು. ನನ್ನದೇ ವಯಸ್ಸಿನ, ನನಗಿಂತ ಗಟ್ಟಿ ನಗುವಿನ ಕಪ್ಪು ಹೆಂಗಸು. ಕಂಡ ಕೂಡಲೇ ತಬ್ಬಿಕೊಂಡರು. ನಮಸ್ಕಾರಕ್ಕೆಂದು ಜೋಡಿಸಿದ್ದ ನನ್ನ ಎರಡು ಕೈಗಳು ಇಬ್ಬರ ನಡುವೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಇಬ್ಬರೂ ಪರದಾಡಿದೆವು. ಆಮೇಲೆ ಮೂರು ಗಂಟೆ ಕಾರಿನ ಪ್ರಯಾಣ. ರಸ್ತೆ ನುಣ್ಣಗಿತ್ತು, ಎರಡೂ ಕಡೆ ಮರಗಳಿದ್ದವು, ಮನುಷ್ಯರು ಮಾತ್ರ ಇರಲಿಲ್ಲ. ಬೀರೂರಿನಿಂದ ಅಜ್ಜಂಪುರಕ್ಕೆ ಹೋಗುವಷ್ಟರಲ್ಲಿ ರಸ್ತೆಯ ಮೇಲೆ ಕಾಳು ಒಣಹಾಕಿದವರು, ಕುರಿ ಹೊಡೆದುಕೊಂಡು ಹೋಗುವವರು, ಕೈ ಅಡ್ಡ ಹಿಡಿದು ಲಿಫ್ಟ್ ಕೇಳುವವರು ಎಷ್ಟು ಜನ! ಇಲ್ಲಿ ಯಾರೂ ನಡೆಯುವುದಿಲ್ಲವೇ ಎಂದು ಕೇಳಿದೆ. "ನಡೆಯುತ್ತಾರೆ, ತೂಕ ಇಳಿಸಬೇಕಾದಾಗ" ಎಂದರು ಡೆನೀಸ್.

ಮಿಸ್ ರೂಬಿಯ ಮನೆ

ಡೆನೀಸ್ ತಮ್ಮ ತಾಯಿಯ ಜೊತೆ ಇದ್ದರು. ನನ್ನ ಬಿಡಾರವೂ ಅಲ್ಲೇ. ಬಿಳಿ ಕೂದಲಿನ, ನೆಟ್ಟಗೆ ನಿಲ್ಲುವ ಆ ಹಿರಿಯೆ ಬಾಗಿಲಿಗೆ ಬಂದು ನಗುತ್ತ ಕೈ ಚಾಚಿದರು. ನಾನು ಮನಸಾರೆ, "ನಮಸ್ತೆ ಆಂಟಿ!" ಎಂದೆ.

ಅವರ ನಗು ಅರ್ಧಕ್ಕೆ ನಿಂತಿತು. ಕೈ ಹಿಂದಕ್ಕೆ ಹೋಗಲಿಲ್ಲ, ಆದರೆ ಮುಂದಕ್ಕೂ ಬರಲಿಲ್ಲ. ಡೆನೀಸ್ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. ಅವರ ತಾಯಿ ಹುಡುಗಿಯಾಗಿದ್ದ ಕಾಲದಲ್ಲಿ ಬಿಳಿಯರು ಕರಿಯ ಹೆಂಗಸರಿಗೆ ಶ್ರೀಮತಿ ಎಂಬ ಮರ್ಯಾದೆಯ ಮಾತನ್ನು ಹಚ್ಚುತ್ತಿರಲಿಲ್ಲವಂತೆ. ಎಷ್ಟೇ ದೊಡ್ಡವರಿರಲಿ, ಯಾರ ಮನೆಯ ಯಜಮಾನಿಯೇ ಆಗಿರಲಿ, ಬಿಳಿಯರ ಚಿಳ್ಳೆಪಿಳ್ಳೆಗಳೂ ಆಂಟಿ ಎಂದೇ ಕರೆಯುತ್ತಿದ್ದರಂತೆ. ಆ ಕರೆ ಅವರ ಕಿವಿಗೆ ಇನ್ನೂ ಚುಚ್ಚುತ್ತದೆ.

ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಯಾಕೆಂದರೆ ಇದು ನನಗೆ ಹೊಸದಲ್ಲ. ನನ್ನ ತಾತನನ್ನು ದೊಡ್ಡ ಮನೆಗಳ ಮೂಗು ಸುರಿಸುವ ಹುಡುಗರೂ "ಲೇ" ಎಂದೇ ಕರೆಯುತ್ತಿದ್ದರು ಎಂದು ಅವ್ವ ಹೇಳುತ್ತಿದ್ದಳು. ನೇರವಾಗಿ ಹೊರಗೆ ಹೋಗಿ ಹಿರಿಯರ ಮುಂದೆ ನಿಂತು, ನಮ್ಮೂರಲ್ಲಿ ಸೊಪ್ಪು ಮಾರುವವರೂ ಆಂಟಿ, ಡಾಕ್ಟರ ಹೆಂಡತಿಯೂ ಆಂಟಿ, ಬಸ್ಸಿನಲ್ಲಿ ಸೀಟು ಬಿಡಿ ಎಂದು ಜಗಳ ಆಡುವಾಗಲೂ ಆಂಟಿ ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಕೇಳಿಸಿಕೊಂಡರು. "ಹಾಗಾದರೆ ನಿನಗೆ ಎಷ್ಟು ಜನ ಆಂಟಿಯರು?"

"ತರೀಕೆರೆ ತುಂಬ."

ಅವರಿಗೆ ನಗು ಉಕ್ಕಿ ಬಂತು. ನಕ್ಕೂ ನಕ್ಕೂ ಕುರ್ಚಿ ಹಿಡಿದು ಕುಳಿತರು. "ಇಲ್ಲಿ ನಾನು ಮಿಸ್ ರೂಬಿ" ಎಂದರು. ಹೆಸರಿಗೆ ಮೊದಲು ಮಿಸ್ ಹಚ್ಚಿದರೆ ಅಲ್ಲಿ ಹಿರಿಯರಿಗೆ ಕೊಡುವ ಗೌರವ. ನಮ್ಮಲ್ಲಿ ಹೆಸರಿನ ಕೊನೆಗೆ ಅಮ್ಮ, ಅಕ್ಕ ಸೇರಿಸಿದ ಹಾಗೆ. ಅಂದಿನಿಂದ ಅವರು ನನಗೆ ಮಿಸ್ ರೂಬಿ, ಮನಸ್ಸಿನೊಳಗೆ ರೂಬಮ್ಮ.

ರೂಬಮ್ಮನ ಅಡುಗೆ ನನ್ನನ್ನು ಬದುಕಿಸಿತು. ಅಮೆರಿಕದಲ್ಲಿ ಬ್ರೆಡ್ಡು ತಿಂದು ಸಾಯಬೇಕು ಎಂದುಕೊಂಡಿದ್ದವಳಿಗೆ ಬೆಳಿಗ್ಗೆ ಜೋಳದ ನುಚ್ಚಿನಂಥದ್ದು, ಮಧ್ಯಾಹ್ನ ಅಲಸಂದೆ ಕಾಳು, ಬೇಯಿಸಿದ ಸೊಪ್ಪು, ಬೆಂಡೆಕಾಯಿ. ನಾನು ಮನೆಯಿಂದ ತಂದಿದ್ದ ಹುರಳಿಕಾಳಿನ ಚಟ್ನಿಪುಡಿಯನ್ನು ನುಚ್ಚಿನ ಮೇಲೆ ಉದುರಿಸಿಕೊಂಡೆ. ಅವರೂ ಉದುರಿಸಿಕೊಂಡರು. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಎರಡು ದಿನದಲ್ಲಿ ಡಬ್ಬಿ ನನ್ನ ಕೈಯಿಂದ ಅವರ ಕೈಗೆ ಹೋಗಿಬಿಟ್ಟಿತ್ತು. ಇದನ್ನು ಫೋನಿನಲ್ಲಿ ಅವ್ವನಿಗೂ ಹೇಳಿದೆ.

ಡೆನೀಸ್‌ರ ತರಗತಿ

ಆ ತರಗತಿಯಲ್ಲಿ ಕಪ್ಪು, ಬಿಳಿ, ಕಂದು ಎಲ್ಲ ಬಣ್ಣದ ಮಕ್ಕಳೂ ಇದ್ದರು. ಗಲಾಟೆ ಮಾತ್ರ ಥೇಟ್ ಅಜ್ಜಂಪುರದ್ದು. ಅವರು ಓದುತ್ತಿದ್ದ ಮಕ್ಕಳ ಕಾದಂಬರಿಯಲ್ಲಿ ಒಬ್ಬ ಕರಿಯ ಹುಡುಗಿ ಊರಿನ ಗ್ರಂಥಾಲಯಕ್ಕೆ ಹೋಗುತ್ತಾಳೆ, ಅವಳಿಗೆ ಪುಸ್ತಕ ಕೊಡುವುದಿಲ್ಲ. ಹುಡುಗಿಯೂ ಊರೂ ಕಲ್ಪನೆ, ಆ ಕಾಲ ಮಾತ್ರ ನಿಜ.

ನಾನಾಗಿದ್ದರೆ ಆ ಪುಟ ಬಂದ ಕೂಡಲೇ ದನಿ ಭಾರ ಮಾಡಿಕೊಂಡು, ನೋಡಿ ಮಕ್ಕಳೇ ಎಂದು ಉಪದೇಶಕ್ಕೆ ಇಳಿದುಬಿಡುತ್ತಿದ್ದೆ. ಡೆನೀಸ್ ಹಾಗೆ ಮಾಡಲಿಲ್ಲ. ಪುಸ್ತಕ ಮಡಚಿ, "ಈ ಪುಟದಲ್ಲಿ ಸುಮ್ಮನೆ ನಿಂತಿರುವವರು ಯಾರು?" ಎಂದು ಕೇಳಿದರು. ಮಕ್ಕಳು ಹುಡುಕತೊಡಗಿದರು. ಪುಸ್ತಕ ಜೋಡಿಸುವ ಸಹಾಯಕಿ. ಮೇಜಿನ ಹತ್ತಿರ ಕೂತ ಇಬ್ಬರು ಹೆಂಗಸರು. ಪತ್ರಿಕೆ ಓದುತ್ತಿದ್ದ ಮುದುಕ. "ಬಾಗಿಲಲ್ಲಿ ಮಲಗಿರುವ ನಾಯಿ!" ಎಂದು ಕೂಗಿದ ಟೈಲರ್ ಎಂಬ ಕೆಂಪು ಕೂದಲಿನ ಬಿಳಿಯ ಹುಡುಗ. ನಾಯಿಗೆ ಮಾತು ಬರುವುದಿಲ್ಲವಾದ್ದರಿಂದ ಅದನ್ನು ಬಿಡಬಹುದೇ ಎಂದು ಐದು ನಿಮಿಷ ಚರ್ಚೆಯಾಯಿತು. ಅದು ಬೊಗಳಬಹುದಿತ್ತು ಎಂದು ಕೊನೆಗೆ ತೀರ್ಮಾನವಾಯಿತು.

ಇನ್ನೊಂದು ಕಟ್ಟುನಿಟ್ಟೂ ಅಲ್ಲಿತ್ತು. ಆ ಹುಡುಗಿಯನ್ನು "ಪಾಪ" ಅನ್ನುವಂತಿಲ್ಲ. ಅವಳಿಗೆ ಏನು ಇಷ್ಟ, ಅವಳು ಯಾವುದರಲ್ಲಿ ಜಾಣೆ, ಯಾವುದಕ್ಕೆ ನಗುತ್ತಾಳೆ ಎಂದು ಮೊದಲು ಹೇಳಬೇಕು. ಯಾಕೆ ಹೀಗೆ ಎಂದು ಬಿಡುವಿನಲ್ಲಿ ಕೇಳಿದೆ. "ಪಾಪ ಅಂದವರು ಅಷ್ಟಕ್ಕೇ ತಮ್ಮ ಕೆಲಸ ಮುಗಿಯಿತು ಅಂತ ಮುಂದಕ್ಕೆ ಹೋಗಿಬಿಡುತ್ತಾರೆ" ಎಂದರು ಡೆನೀಸ್. ನಾವು ದಿನಕ್ಕೆ ಎಷ್ಟು ಸಲ ಪಾಪ ಅನ್ನುತ್ತೇವೆ ಎಂದು ಎಣಿಸಲು ಹೋಗಿ ನಾನು ಕೈಬಿಟ್ಟೆ.

ಅವತ್ತೇ ಬಾಯಾರಿಕೆಯಾಗಿ ಪಡಸಾಲೆಯ ನಲ್ಲಿಯ ಹತ್ತಿರ ಹೋದೆ. ಗೋಡೆಗೆ ಕೂರಿಸಿದ ಒಂದು ತೊಟ್ಟಿ, ಗುಂಡಿ ಒತ್ತಿದರೆ ನೀರು ಬಿಲ್ಲಿನ ಹಾಗೆ ಬಾಗಿ ಚಿಮ್ಮುತ್ತದೆ. ಬಗ್ಗಿ ಅದಕ್ಕೆ ಬಾಯಿ ಒಡ್ಡಬೇಕು. ಮೊದಲ ಸಲ ನೀರು ಮೂಗಿಗೆ ಹೋಯಿತು, ಎರಡನೆಯ ಸಲ ಕನ್ನಡಕಕ್ಕೆ. ಅಷ್ಟು ಜನರ ಬಾಯಿ ಓಡಾಡಿದ ಜಾಗ, ಎಂಜಲು ಎಂಬ ಅಳುಕೂ ಬಿಡಲಿಲ್ಲ. ಸರಿ, ನಮ್ಮೂರಿನ ಬೀದಿ ನಲ್ಲಿಗೆ ಮಾಡುವಂತೆ ಒಂದು ಕೈಯಲ್ಲಿ ಗುಂಡಿ ಒತ್ತಿ, ಇನ್ನೊಂದು ಕೈ ಒಡ್ಡಿ, ನೀರು ಹಿಡಿದು ಕುಡಿದೆ.

ತಿರುಗಿ ನೋಡಿದರೆ ಇಡೀ ತರಗತಿ ನಿಂತಿದೆ. ಟೈಲರ್ ಮುಂದೆ ಬಂದು, "ನಾನೂ ಹಾಗೆ ಕುಡಿಯಲಾ?" ಎಂದ. ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ನಾನು ಗುಂಡಿ ಒತ್ತಿ ಹಿಡಿದೆ, ಅವನು ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿದ. ಅವನಾದ ಮೇಲೆ ಎಲ್ಲರೂ ಸಾಲು ನಿಂತರು. ಅಂಗಿ ಒದ್ದೆ, ಬೂಟು ಒದ್ದೆ, ನೆಲವೆಲ್ಲ ಕೆರೆ, ಕಿಲಕಿಲ ನಗು. ಪಡಸಾಲೆ ಒರೆಸುವವರು ಉದ್ದನೆಯ ಒರೆಸುಕೋಲು ಹಿಡಿದು ಬಂದು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ನಾನೂ ನಕ್ಕೆ, ಆದರೆ ಆ ಪುಟ್ಟ ಬೊಗಸೆಗಳಿಗೆ ನೀರು ಬೀಳುವುದನ್ನು ನೋಡುತ್ತ ಅವ್ವನ ಹೊಸ ಲಂಗವನ್ನು ನೆನೆಸಿಕೊಂಡೆ. ಚೆನ್ನಿಯ ಕತೆಯನ್ನು ನಾನಿನ್ನೂ ಅವರಿಗೆ ಓದಿರಲಿಲ್ಲ.

ಕತೆ ಓದಿದ ದಿನ

ಎರಡು ದಿನ ಕಳೆದು ಓದಿದೆ. ಹೊಸ ಲಂಗದ ಬಣ್ಣ, ಚೆನ್ನಿಗೆ ಬಾಯಿಪಾಠ ಬರುತ್ತಿದ್ದ ಹದಿನಾರರ ಮಗ್ಗಿ, ಅಪ್ಪನ ಹೆಗಲ ಮೇಲಿನ ಟವೆಲು ಎಲ್ಲವನ್ನೂ ಮಕ್ಕಳು ಖುಷಿಯಿಂದ ಕೇಳಿದರು. ಹೋಟೆಲಿನವನು ಚೆಂಬು ಎತ್ತಿ ಹಿಡಿದು, ಚೆನ್ನಿ ಬೊಗಸೆ ಒಡ್ಡಿದಾಗ ಒಂದು ಹುಡುಗಿ ತನ್ನ ಕೈಗಳನ್ನೇ ನೋಡಿಕೊಂಡಳು.

"ನಾವು ಅವತ್ತು ನಗುತ್ತಿದ್ದೆವು" ಎಂದ ಟೈಲರ್.

ನಲ್ಲಿಗೆ ಯಾರು ಬೇಕಾದರೂ ಬೊಗಸೆ ಒಡ್ಡುತ್ತಾರೆ, ಅದರಲ್ಲಿ ತಪ್ಪಿಲ್ಲ, ನಾನೂ ಹಾಗೇ ಕುಡಿಯುತ್ತೇನೆ ಎಂದು ಹೇಳಿದೆ. ಒಳಗೆ ಲೋಟಗಳಿದ್ದೂ ನಿನಗೆ ಮಾತ್ರ ಇಲ್ಲ ಎಂದು ಒಬ್ಬರು ಎತ್ತರದಿಂದ ಸುರಿಯುವುದು ಬೇರೆ. ಅದು ಅವರಿಗೆ ಅರ್ಥವಾಯಿತು. ಆಮೇಲೆ ಡೆನೀಸ್ ಕೇಳುವ ಪ್ರಶ್ನೆಯನ್ನು ಮಕ್ಕಳೇ ನನಗೆ ಕೇಳಿದರು. ಹೋಟೆಲಿನ ಒಳಗೆ ಸುಮ್ಮನೆ ಕೂತಿದ್ದವರು ಎಷ್ಟು ಜನ? ಅವರು ಏನು ಮಾಡುತ್ತಿದ್ದರು? ನನ್ನ ಕತೆಯಲ್ಲಿ ಒಳಗಿನವರೇ ಇರಲಿಲ್ಲ.

"ಚೆನ್ನಿ ಸತ್ತುಹೋದಳಾ?" ಎಂದು ಯಾರೋ ಕೇಳಿದರು.

"ಇಲ್ಲಪ್ಪ! ನಮ್ಮಮ್ಮ ಹನುಮಕ್ಕನೇ ಆ ಚೆನ್ನಿ, ಮನೆಯಲ್ಲಿ ಟಿವಿ ನೋಡುತ್ತಿರುತ್ತಾಳೆ."

ತರಗತಿ ಎದ್ದು ಕುಣಿಯಿತು. ಅವರ ಪುಸ್ತಕದ ಹುಡುಗಿ ಕಲ್ಪನೆಯವಳು, ಈ ಕತೆಯ ಹುಡುಗಿಗೆ ಫೋನ್ ನಂಬರಿದೆ! ಮಾತಾಡಿಸಿ, ಈಗಲೇ ಮಾತಾಡಿಸಿ ಎಂದು ದುಂಬಾಲು ಬಿದ್ದರು. ಅಲ್ಲಿ ಬೆಳಿಗ್ಗೆ ಒಂಬತ್ತೂವರೆ, ತರೀಕೆರೆಯಲ್ಲಿ ರಾತ್ರಿ ಎಂಟು. ಸೀರಿಯಲ್ ಹೊತ್ತು. ಹೆದರುತ್ತಲೇ ಒತ್ತಿದೆ.

ಗೋಡೆಯ ದೊಡ್ಡ ಪರದೆಯ ಮೇಲೆ ಮೊದಲು ನಮ್ಮ ಮನೆಯ ಫ್ಯಾನು ಬಂತು, ಆಮೇಲೆ ಬುದ್ಧನ ಪಟ, ಆಮೇಲೆ ಅವ್ವನ ಗಲ್ಲ. "ಏನೇ ಈ ಹೊತ್ನಲ್ಲಿ? ಉಂಡ್ಯಾ?" ಎಂದಳು. ಮಕ್ಕಳು ಒಕ್ಕೊರಲಿನಿಂದ "ಹಲೋ ಮಿಸ್ ಹನೂಮಾಕಾ!" ಎಂದು ಕೂಗಿದರು.

"ಯಾರೇ ಇವ್ರೆಲ್ಲ? ಏನಂತವ್ರೆ ನನ್ನ?"

"ಮರ್ಯಾದೆ ಕೊಟ್ಟು ಕರೀತವ್ರೆ ಕಣವ್ವ. ಕತೆ ಕೇಳಿದ ಮಕ್ಕಳು. ನಿನ್ನ ಏನೋ ಕೇಳ್ಬೇಕಂತೆ."

ಅವ್ವ ಸೆರಗು ಸರಿ ಮಾಡಿಕೊಂಡಳು. ಟಿವಿಯ ಸದ್ದು ನಿಂತಿತು. ನಾನು ನಡುವೆ ನಿಂತು ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಹೇಳುತ್ತ ಹೋದೆ. ಒಳಗೆ ಎಷ್ಟು ಜನ ಕೂತಿದ್ದರು, ನನ್ನ ಕತೆಯಲ್ಲಿ ಅವರೇ ಇಲ್ಲ ಎಂದು ಅವ್ವನನ್ನು ಕೇಳಿದೆ.

"ತುಂಬಿತ್ತು. ಸಂತೆ ದಿನ ಅಲ್ವಾ? ಎಲ್ರೂ ಕಾಫಿ ಕುಡೀತಿದ್ರು. ಒಬ್ರೂ ತಿರುಗಿ ನೋಡ್ಲಿಲ್ಲ. ನೀರು ಚೆಲ್ಲಿದ್ದಕ್ಕಿಂತ ಅದೇ ಜಾಸ್ತಿ ಉರೀತು ಕಣೇ." ಇದನ್ನು ಅವಳು ನನಗೆ ಯಾವತ್ತೂ ಹೇಳಿರಲಿಲ್ಲ. ಹಾಗೆಯೇ ಇಂಗ್ಲಿಷಿಗೆ ತಂದು ಮಕ್ಕಳಿಗೆ ಹೇಳಿದೆ.

ಟೈಲರ್ ಕೈಯೆತ್ತಿದ. "ಒಳಗೆ ನಾನು ಕೂತಿದ್ದರೆ ಏನು ಮಾಡಬೇಕಿತ್ತು?"

ಅವ್ವ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಅವನನ್ನು ನೋಡಿದಳು. "ನೀನಾ? ಲೋಟ ಅಲ್ಲೇ ಕುಕ್ಕಿ, ಹೊರಗ್ ಬಂದು, ನನ್ ಪಕ್ಕ ನಿಂತು ನೀನೂ ಬೊಗಸೇಲಿ ಕುಡೀಬೇಕಿತ್ತು ಕಣಪ್ಪಾ. ಆಗ ನಂಗೆ ನಗು ಬರ್ತಿತ್ತು."

ನಾನು ಹೇಳಿ ಮುಗಿಸುವ ಮೊದಲೇ ಮಕ್ಕಳು ಹೋ ಎಂದರು. "ನಾವು ಕುಡಿದಿದ್ದೇವೆ! ಎಲ್ಲರೂ ಕುಡಿದಿದ್ದೇವೆ!" ಎಂದು ಎರಡೂ ಕೈ ಸೇರಿಸಿ ತೋರಿಸಿದರು. ಒಂದು ತರಗತಿಯಷ್ಟು ಬೊಗಸೆಗಳು ಪರದೆಯ ಕಡೆಗೆ. ನಲ್ಲಿಯ ಹತ್ತಿರ ನಡೆದದ್ದನ್ನು ನಾನು ಅವ್ವನಿಗೆ ಹೇಳಿದೆ. ಒರೆಸುಕೋಲಿನವರ ಕತೆ ಕೇಳುವ ಹೊತ್ತಿಗೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಮಿಸ್ ರೂಬಿ ಹಿಂದಿನ ಕುರ್ಚಿಯಲ್ಲಿ ಇದ್ದರು. ಈ ಪಾಠ ನಡೆಯುವಾಗ ಪ್ರತಿ ವರ್ಷ ಬಂದು, ತಾವು ಹುಡುಗಿಯಾಗಿದ್ದಾಗ ಕಂಡದ್ದನ್ನು ಮಕ್ಕಳಿಗೆ ಹೇಳುವುದು ಅವರ ರೂಢಿ. ಅವರು ಯಾರೆಂದು ತಿಳಿದ ಅವ್ವ ನೇರವಾಗಿ ಕೇಳಿದಳು:

"ಮಕ್ಕಳ ಮುಂದೆ ಹಿಂಗೆಲ್ಲ ಹೇಳ್ಕಳಕ್ಕೆ ಅವ್ರಿಗೆ ನಾಚ್ಕೆ ಆಗಲ್ವಂತಾ, ಕೇಳೇ."

ಮಿಸ್ ರೂಬಿ ಎದ್ದು ಪರದೆಯ ಹತ್ತಿರ ಬಂದರು. "ಆಗುತ್ತಿತ್ತು. ಎಷ್ಟೋ ವರ್ಷ ನಾನು ಬಾಯಿ ಬಿಟ್ಟಿರಲಿಲ್ಲ, ನನ್ನ ಮಗಳಿಗೂ ಹೇಳಿರಲಿಲ್ಲ. ಒಂದು ದಿನ ಯೋಚಿಸಿದೆ. ತಪ್ಪು ಮಾಡಿದವಳು ನಾನಲ್ಲ, ಮತ್ತೆ ತಲೆ ತಗ್ಗಿಸುವವಳು ನಾನ್ಯಾಕೆ? ಅವತ್ತು ಹೇಳಿದೆ. ಅವತ್ತು ರಾತ್ರಿ ಚೆನ್ನಾಗಿ ಊಟ ಮಾಡಿದೆ."

ಕನ್ನಡದಲ್ಲಿ ಹೇಳಿದೆ. ಒಂದಿಷ್ಟು ಹೊತ್ತು ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಕೊನೆಗೆ ಅವ್ವ, "ಚಟ್ನಿಪುಡಿ ಖಾಲಿ ಆಯ್ತಾ ಕೇಳು. ಇನ್ನೊಂದ್ಸಲ ಕಳಿಸ್ತೀನಿ ಅನ್ನು. ನಂದು ಸೀರಿಯಲ್ ಮುಗ್ದೇ ಹೋಯ್ತು ನಿಮ್ಮಿಂದ" ಎಂದು ಫೋನ್ ಇಟ್ಟಳು. ಅಜ್ಜಂಪುರದ ಮಾತು ಎತ್ತಲು ನನಗೆ ಅವಕಾಶವೇ ಸಿಗಲಿಲ್ಲ.

ಅಜ್ಜಂಪುರ

ಮರಳಿ ಬಂದೆ. ಪೆಟ್ಟಿಗೆ ಬಿಚ್ಚಿ, ಮಿಸ್ ರೂಬಿ ಕಳಿಸಿದ್ದ ಹೂವಿನ ಚಿತ್ರದ ಕೈವಸ್ತ್ರ ಕೊಟ್ಟೆ. ಅವ್ವ ಅದನ್ನು ಮಡಿಸಿ ಬುದ್ಧನ ಪಟದ ಕೆಳಗೆ ಇಟ್ಟಳು. ಅಲ್ಲಿಯ ಮಳೆ ಬೆಳೆ, ಅಡುಗೆ, ಎಲ್ಲ ಕೇಳಿದಳು. ಕತೆಯ ವಿಷಯ ಎತ್ತಲಿಲ್ಲ, ನಾನೂ ಬಲವಂತ ಮಾಡಲಿಲ್ಲ. ಬಲವಂತದಿಂದ ಒಪ್ಪಿಸಿದರೆ ಅದು ಇನ್ನೊಂದು ಸಲ ಅವಳ ಮೇಲೆ ನೀರು ಹೊಯ್ದ ಹಾಗೆ ಎಂದು ನನಗನ್ನಿಸಿತ್ತು.

ಶಾಲೆಗೆ ಹೋಗತೊಡಗಿದೆ. ಮಕ್ಕಳು ಅಮೆರಿಕದ ಕತೆ ಹೇಳಿ ಮೇಡಂ ಎಂದು ಪೀಡಿಸಿದರು. ಆಂಟಿಯ ಪ್ರಸಂಗ, ನಲ್ಲಿಯ ಪ್ರಸಂಗ ಹೇಳಿ ನಗಿಸಿದೆ. ಬೊಗಸೆಯ ಹಿಂದೆ ಇದ್ದದ್ದನ್ನು ಮಾತ್ರ ನುಂಗಿಕೊಂಡೆ. ಅಲಬಾಮಾದ ಮಕ್ಕಳಿಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲವಲ್ಲ ಎಂದು ಸಂಕಟವಾಗುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ನಾನು ಬುತ್ತಿ ಕಟ್ಟಿಕೊಳ್ಳುತ್ತಿದ್ದರೆ ಅವ್ವ ಮದುವೆ ಮುಂಜಿಗೆ ಉಡುವ ಹಸಿರು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ನಡಿ, ಬಸ್ಸಿಗೆ ಹೊತ್ತಾಯ್ತು."

"ಎಲ್ಲಿಗವ್ವ?"

"ನಿನ್ ಸ್ಕೂಲಿಗೆ. ನೀನು ಓದದೇನೂ ಬ್ಯಾಡ. ಅದ್ರಲ್ಲಿ ಒಳಗ್ ಕೂತಿದ್ದೋರೇ ಇಲ್ವಂತಲ್ಲ. ನಾನೇ ಹೇಳ್ತೀನಿ."

ಬಸ್ಸಿನಲ್ಲಿ ಅವ್ವ ಕಿಟಕಿ ಪಕ್ಕ ಕೂತು ಹದಿನಾರರ ಮಗ್ಗಿ ಗುನುಗಿಕೊಂಡಳು. ನನಗೆ ಖುಷಿಯೂ ಭಯವೂ ಒಟ್ಟಿಗೇ ಆಗುತ್ತಿತ್ತು. ಅಲಬಾಮಾದಲ್ಲಿ ಯಾರೂ ಆ ಹೋಟೆಲಿನ ಕಡೆಯವರಿರಲಿಲ್ಲ. ಇಲ್ಲಿ ಯಾರು ಯಾರ ಮನೆಯವರೋ, 'ನಮ್ಮ ಹಿರೀಕರ ಮರ್ಯಾದೆ ತೆಗೆದರು' ಎಂದು ನಾಳೆ ಯಾರು ಬಂದು ಜಗಳಕ್ಕೆ ನಿಲ್ಲುತ್ತಾರೋ.

ಮಕ್ಕಳು ಎದ್ದು ನಿಂತು "ನಮಸ್ತೇ ಅಜ್ಜೀ" ಎಂದು ರಾಗ ಎಳೆದರು. ಅವ್ವ ನನ್ನ ಕುರ್ಚಿಯಲ್ಲಿ ಕುಳಿತು, "ನಿಮ್ ಮೇಡಂ ಇದ್ನ ಚೆನ್ನಿ ಕತೆ ಅಂತ ಬರ್ಕಂಡವ್ಳೆ. ಚೆನ್ನಿ ಅಲ್ಲ, ಹನುಮಕ್ಕ. ಅದು ನಾನೇ" ಎಂದು ಶುರು ಮಾಡಿದಳು. ಮಗ್ಗಿ ಹೇಳಿ ತೋರಿಸಿದಳು. ಸಂತೆಯಲ್ಲಿ ಕಂಡ ಬಳೆ ಅಂಗಡಿ ಹೇಳಿದಳು. ಚೆಂಬು ಎತ್ತಿದ್ದು, ಬೊಗಸೆ ಒಡ್ಡಿದ್ದು, ಲಂಗ ಒದ್ದೆಯಾದದ್ದು, ಯಾರೂ ತಿರುಗಿ ನೋಡದ್ದು, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದಳು.

"ಆ ಹೋಟ್ಲು ಎಲ್ಲಿತ್ತಜ್ಜಿ?" ಎಂದು ಹಿಂದಿನಿಂದ ಒಂದು ದನಿ.

ಅವ್ವ ನನ್ನ ಕಡೆ ನೋಡಲಿಲ್ಲ. "ಸ್ಟೇಷನ್ ರಸ್ತೇಲಿ. ಬಾವಿ ಪಕ್ಕ. ಈಗ ಅಲ್ಲಿ ಮೊಬೈಲ್ ಅಂಗಡಿ ಐತೆ."

ಎರಡನೇ ಬೆಂಚಿನ ಸಿಂಚನಾ ಮೆಲ್ಲಗೆ ಎದ್ದು ನಿಂತಳು. ಓದಿನಲ್ಲಿ ಮುಂದಿರುವ, ಮಾತು ಕಮ್ಮಿಯ ಹುಡುಗಿ. ಹಣೆಯ ವಿಭೂತಿಯ ಕೆಳಗೆ ಮುಖ ಕೆಂಪಾಗಿತ್ತು. "ಅದು ನಮ್ಮ ಮುತ್ತಾತನ ಹೋಟ್ಲು ಅಜ್ಜಿ" ಎಂದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು. "ನಮ್ಮನೇಲಿ ಯಾರೂ ಹೇಳಿಲ್ಲ."

ಅವ್ವ ಎದ್ದು ಅವಳ ಬೆಂಚಿನ ಹತ್ತಿರ ಹೋದಳು.

"ಹೆಂಗ್ ಹೇಳ್ತಾರೆ? ನಾನೇ ನನ್ ಮಗಳಿಗೆ ಎಲ್ಲಾನೂ ಹೇಳಿರ್ಲಿಲ್ಲ. ನೀನ್ಯಾಕ್ ಅಳ್ತೀಯ? ನೀನೇನ್ ಚೆಂಬು ಹಿಡ್ದಿದ್ಯಾ? ಕೂತ್ಕ. ಒಂದ್ ಮಾತು ಹೇಳ್ತೀನಿ, ನಿಮ್ ಮುತ್ತಾತ ಉದ್ದಿನ ವಡೆ ಮಾತ್ರ ಭಾಳ ಚೆನ್ನಾಗ್ ಮಾಡ್ತಿದ್ರು. ಬೀದಿಗೆಲ್ಲ ಘಮ ಬರ್ತಿತ್ತು. ನಮಗೆ ಘಮ ಅಷ್ಟೇ ಸಿಕ್ಕಿದ್ದು."

ಮಕ್ಕಳು ನಕ್ಕರು. ಸಿಂಚನಾಳೂ ಮೂಗು ಒರೆಸಿಕೊಳ್ಳುತ್ತ ನಕ್ಕಳು. ಆಮೇಲೆ ಗಂಭೀರವಾಗಿ, "ಅಜ್ಜಿ, ನೀವು ನಮ್ಮನೆಗೆ ಬರ್ತೀರಾ?" ಎಂದು ಕೇಳಿದಳು.

ಮಗುವಿನ ಬಾಯಿಂದ ಆ ಮಾತು ಸುಲಭವಾಗಿ ಬಂತು. ದೊಡ್ಡವರ ಮನೆ ಬಾಗಿಲು ಅಷ್ಟು ಸುಲಭವಲ್ಲ ಎಂಬುದು ಆ ತರಗತಿಯಲ್ಲಿ ನನಗೂ ಅವ್ವನಿಗೂ ಗೊತ್ತಿತ್ತು. ಅವ್ವ ಅವಳ ತಲೆ ಸವರಿ, "ಮೊದ್ಲು ನಿಮ್ಮಮ್ಮನ್ನ ಕೇಳ್ಕಂಡ್ ಬಾ. ಇವತ್ ಕೇಳಿದ್ದನ್ನೂ ಹೇಳು, ಏನೂ ಬಿಡ್ಬೇಡ. ಎಲ್ಲಾ ಹೇಳಿ ಆಮೇಲೆ ಕೇಳು" ಎಂದಳು.

ಆ ರಾತ್ರಿ ನಮ್ಮ ಮನೆಯಲ್ಲಿ ಟಿವಿ ಹಾಕಲಿಲ್ಲ.

ಮರುದಿನ ನಾನು ಬಸ್ಸಿಳಿದು ಶಾಲೆಯ ಗೇಟಿಗೆ ಬರುವ ಮೊದಲೇ ಸಿಂಚನಾ ಓಡಿ ಬಂದಳು. ಏದುಸಿರು. "ಮೇಡಂ, ಮೇಡಂ, ಅಜ್ಜಿಗೆ ಫೋನ್ ಮಾಡ್ರಿ. ನಮ್ಮಮ್ಮ ರಾತ್ರಿ ಎಲ್ಲಾ ಕೇಳಿ ಸುಮ್ನೆ ಕೂತಿದ್ರು. ಆಮೇಲೆ ಎದ್ದು ಉದ್ದಿನಬೇಳೆ ನೆನೆಹಾಕಿದ್ರು. ಇವತ್ತು ಮಧ್ಯಾಹ್ನಕ್ಕೇ ಬರ್ಬೇಕಂತೆ!"

ಗೇಟಿನ ಹತ್ತಿರವೇ ನಿಂತು ಅವ್ವನಿಗೆ ಫೋನ್ ಮಾಡಿ ಹೇಳಿದೆ. ಮೊದಲು ಮೂಗು ಸೊರ್ ಎಂದ ಸದ್ದು ಕೇಳಿಸಿತು. ಆಮೇಲೆ ಗಂಟಲು ಸರಿ ಮಾಡಿಕೊಂಡಳು.

"ಹನ್ನೊಂದ್ರ ಬಸ್ಸಿಗೆ ಬತ್ತೀನಿ ಅನ್ನು. ಕಾಫಿಗೆ ಸಕ್ಕರೆ ಕಮ್ಮಿ ಹಾಕಕ್ಕೇಳು."